ಅಗ್ನಿಪರ್ವತ ಕಡಲಿಗಿಳಿಸಿದ ಹಡಗು



ಘಟ್ಟದ ಮೇಲೆ ನಿಂತವರಿಗೆ ಕಡಲು ಪಶ್ಚಿಮದ ಅಂಚಿನಲ್ಲಿ ಹೊಳೆಯುವ ಒಂದು ಗೆರೆ ಮಾತ್ರ. ಹೊಳೆಗಳು ಅತ್ತ ಹರಿದುಹೋಗುತ್ತವೆ, ಮಳೆ ಅತ್ತಲಿಂದ ಬರುತ್ತದೆ. ನಡುವೆ ನೀರಿನೊಳಗೆ ನಡೆಯುವುದೇನೆಂಬುದು ಮಲೆನಾಡಿನ ಮಾತುಕತೆಯಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಇಂದಿನ ವಿಷಯ ಕಡಲಿನೊಳಗೆ ಮಲಗಿರುವ ಒಂದು ಹಡಗು. ಆದರೂ ಇದು ಬೆಟ್ಟದ ಕಥೆಯೂ ಹೌದು. ಏಕೆಂದರೆ ಈ ಹಡಗನ್ನು ನೀರಿಗಿಳಿಸಿದ್ದು ಬಿರುಗಾಳಿಯಲ್ಲ, ಬಂಡೆಯಲ್ಲ. ಬೆಂಕಿಯುಗುಳಿದ ಒಂದು ಬೆಟ್ಟ.

ಇಂಡೊನೇಷ್ಯಾದ ಬಾಲಿ ದ್ವೀಪದ ಈಶಾನ್ಯ ತೀರದಲ್ಲಿ ತುಲಾಂಬೆನ್ ಎಂಬ ಹಳ್ಳಿಯಿದೆ. ಬಾಲಿ ಎಂದೊಡನೆ ಚಿತ್ರಪಟಗಳಲ್ಲಿ ಕಾಣುವ ಹಸಿರು ಗದ್ದೆಗಳ ಸಾಲು ಇಲ್ಲಿಲ್ಲ. ಊರಿನ ಬೆನ್ನಿಗೆ ಸುಮಾರು 3,000 ಮೀಟರ್ ಎತ್ತರದ ಗುನುಂಗ್ ಅಗುಂಗ್ ನಿಂತಿದೆ. ಮುಳ್ಳಯ್ಯನಗಿರಿಯ ಒಂದೂವರೆ ಪಟ್ಟು ಎತ್ತರ. ಮಳೆ ತರುವ ಗಾಳಿ ಬೆಟ್ಟದ ಆಚೆ ಬದಿಯಲ್ಲೇ ನೀರು ಸುರಿಸಿ ಬರಿಗೈಯಲ್ಲಿ ಇತ್ತ ಬರುತ್ತದೆ. ಮಲೆನಾಡಿನ ಪೂರ್ವಕ್ಕೆ ಬಯಲುಸೀಮೆ ಹೇಗೋ ಹಾಗೆ. ಆದ್ದರಿಂದ ಇಲ್ಲಿ ಬೆಳೆಯುವುದು ಜೋಳ, ಮರಗೆಣಸು ಮತ್ತು ತಾಳೆ. ಒಂದು ಕಾಲಕ್ಕೆ ಕನ್ನಡದ ಗ್ರಂಥಗಳನ್ನು ಯಾವ ಬಗೆಯ ಗರಿಗಳ ಮೇಲೆ ಬರೆಯುತ್ತಿದ್ದರೋ ಅಂಥದೇ ತಾಳೆಗರಿಗಳ ಮೇಲೆ ಬಾಲಿಯವರೂ ತಮ್ಮ ಗ್ರಂಥಗಳನ್ನು ಬರೆದಿದ್ದಾರೆ. ತೀರದಲ್ಲಿ ಮರಳು ಕಡಿಮೆ. ತೆಂಗಿನಕಾಯಿ ಗಾತ್ರದ ಕಪ್ಪು ಉರುಟು ಕಲ್ಲುಗಳೇ ಹೆಚ್ಚು. ಅವೆಲ್ಲವೂ ಬೆಟ್ಟದ ಹೊಟ್ಟೆಯಿಂದ ಬಂದವು. ಈ ಕಲ್ಲಿನ ದಂಡೆಯಿಂದ ಮೂವತ್ತು–ನಲವತ್ತು ಮೀಟರ್ ದೂರ ಈಜಿದರೆ ಸಾಕು, ಮುಖವನ್ನು ನೀರಿಗಿಟ್ಟವನಿಗೆ ಕೆಳಗೆ ಹಡಗಿನ ಮೇಲ್ತುದಿ ಕಾಣತೊಡಗುತ್ತದೆ. ಅದರ ಅತಿ ಎತ್ತರದ ಭಾಗ ನೀರಿನ ಮೇಲ್ಮೈಯಿಂದ ಐದು ಮೀಟರ್ ಆಳದಲ್ಲಿದೆ. ಬುಡ ಸುಮಾರು ಮೂವತ್ತು ಮೀಟರ್ ಆಳದಲ್ಲಿದೆ.

ಹಡಗಿನ ಹೆಸರು ಲಿಬರ್ಟಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಸಾಲುಸಾಲಾಗಿ ಕಟ್ಟಿ ತೇಲಿಬಿಟ್ಟ 'ಲಿಬರ್ಟಿ ಹಡಗು'ಗಳಲ್ಲಿ ಇದೂ ಒಂದೆಂದು ಪ್ರವಾಸದ ಕೈಪಿಡಿಗಳು ಹೇಳುವುದುಂಟು. ಅದು ಹೆಸರು ತಂದ ಗೊಂದಲ. ಈ ಹಡಗನ್ನು ಅಮೆರಿಕದ ನ್ಯೂಜೆರ್ಸಿಯ ಕಾರ್ನಿ ಎಂಬಲ್ಲಿ ಕಟ್ಟಿದ್ದು 1918ರಲ್ಲಿ, ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ. ಉದ್ದ ಸುಮಾರು 125 ಮೀಟರ್. ಎರಡನೆಯ ಯುದ್ಧದ ಹೊತ್ತಿಗೆ ಅದು ಅಮೆರಿಕದ ಸೇನೆಯ ಸರಕು ಹೊರುವ ಮುದಿ ಹಡಗಾಗಿತ್ತು.

1942ರ ಜನವರಿ ತಿಂಗಳಲ್ಲಿ ಅದು ರಬ್ಬರ್ ಮತ್ತು ರೈಲಿನ ಬಿಡಿಭಾಗಗಳನ್ನು ಹೊತ್ತು ಆಸ್ಟ್ರೇಲಿಯಾದಿಂದ ಫಿಲಿಪ್ಪೀನ್ಸಿನ ಕಡೆಗೆ ಹೊರಟಿತ್ತು. ಜನವರಿ 11ರಂದು, ಬಾಲಿ ಮತ್ತು ಲೊಂಬೊಕ್ ದ್ವೀಪಗಳ ನಡುವಿನ ಜಲಸಂಧಿಯ ಸಮೀಪ, ಜಪಾನಿನ ಐ-166 ಎಂಬ ಜಲಾಂತರ್ಗಾಮಿಯ ಟಾರ್ಪಿಡೊ ಅದರ ಒಡಲಿಗೆ ಬಡಿಯಿತು. ಹಡಗು ಒಡನೆಯೇ ಮುಳುಗಲಿಲ್ಲ. ಅಮೆರಿಕದ ಪಾಲ್ ಜೋನ್ಸ್ ಮತ್ತು ಡಚ್ಚರ ವ್ಯಾನ್ ಗೆಂಟ್ ಎಂಬ ಎರಡು ಯುದ್ಧನೌಕೆಗಳು ಅದಕ್ಕೆ ಹಗ್ಗ ಕಟ್ಟಿ, ಬಾಲಿಯ ಉತ್ತರ ತೀರದ ಸಿಂಗರಾಜ ಬಂದರಿಗೆ ಎಳೆದೊಯ್ಯಲು ಯತ್ನಿಸಿದವು. ದಾರಿಯಲ್ಲಿ ಒಳಗೆ ನೀರು ತುಂಬುತ್ತಲೇ ಹೋಯಿತು. ಬಂದರು ತಲುಪುವುದು ಸಾಧ್ಯವಿಲ್ಲವೆಂದು ಖಚಿತವಾದಾಗ, ಸರಕನ್ನಾದರೂ ಉಳಿಸಿಕೊಳ್ಳೋಣವೆಂದು ಅದನ್ನು ತುಲಾಂಬೆನ್ನಿನ ಕಲ್ಲುದಂಡೆಗೆ ಹತ್ತಿಸಿ ಬಿಟ್ಟರು. ಕೆಲವೇ ವಾರಗಳಲ್ಲಿ ಬಾಲಿ ಜಪಾನೀಯರ ವಶವಾಯಿತು. ಹಡಗು ಅಲ್ಲೇ ಉಳಿಯಿತು.

ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ಭೂಪಟ ನೋಡಬೇಕು. ಟಾರ್ಪಿಡೊ ಬಡಿದ ಈ ಜಲಸಂಧಿಯ ನಡುವೆಯೇ ಜೀವವಿಜ್ಞಾನದ ಒಂದು ಪ್ರಸಿದ್ಧ ಗಡಿರೇಖೆ ಹಾದುಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆಲ್ಫ್ರೆಡ್ ರಸೆಲ್ ವಾಲೇಸ್ ಗುರುತಿಸಿದ ರೇಖೆ ಅದು. ಅದರ ಪಶ್ಚಿಮಕ್ಕಿರುವ ಬಾಲಿಯಲ್ಲಿ ಹುಲಿಯಿತ್ತು, ಈಗ ಅದು ನಿರ್ನಾಮವಾಗಿದೆ. ಪೂರ್ವಕ್ಕಿರುವ ಲೊಂಬೊಕ್‌ನಲ್ಲಿ ಹುಲಿಯಿಲ್ಲ, ಆಸ್ಟ್ರೇಲಿಯಾದ ಕಡೆಯ ಕಾಕಟೂ ಗಿಳಿಗಳಿವೆ. ನೆಲದ ಪ್ರಾಣಿಗಳನ್ನು ಬೇರ್ಪಡಿಸಿದ ಆ ಆಳದ ನೀರೇ ಕಡಲಿನ ಜೀವಿಗಳಿಗೆ ಹೆದ್ದಾರಿ. ಪೆಸಿಫಿಕ್ ಸಾಗರದ ಬೆಚ್ಚನೆಯ ನೀರು ಹಿಂದೂ ಮಹಾಸಾಗರಕ್ಕೆ ಹರಿದು ಬರುವ ಮುಖ್ಯ ದಾರಿಗಳಲ್ಲಿ ಇದೂ ಒಂದು. ಹವಳದ ಮರಿಗಳು, ಮೀನಿನ ಮೊಟ್ಟೆಗಳು, ಕಣ್ಣಿಗೆ ಕಾಣದ ಪ್ಲಾಂಕ್ಟನ್ ಎಲ್ಲವನ್ನೂ ಅದು ಹೊತ್ತು ಸಾಗುತ್ತದೆ. ಮುಂದೆ ಈ ಹಡಗಿಗೆ ಏನಾಯಿತೆಂಬುದನ್ನು ತಿಳಿಯಲು ಈ ಪ್ರವಾಹವನ್ನು ನೆನಪಿಟ್ಟುಕೊಳ್ಳುವುದು ಅಗತ್ಯ.

ಇಪ್ಪತ್ತೊಂದು ವರ್ಷ ಆ ಹಡಗು ದಂಡೆಯ ಮೇಲೆ ತುಕ್ಕು ಹಿಡಿಯುತ್ತ ಬಿದ್ದಿತ್ತು. ಸರಕನ್ನು ಇಳಿಸಿದರು, ಬಿಚ್ಚಿಕೊಳ್ಳಬಹುದಾದ ಲೋಹವನ್ನೆಲ್ಲ ಬಿಚ್ಚಿಕೊಂಡರು. ಅದರಲ್ಲಿ ತಪ್ಪೇನೂ ಇಲ್ಲ. ಯುದ್ಧ ಮಾಡಿದವರಾರೂ ಆ ಊರಿನವರಲ್ಲ, ಹಡಗನ್ನು ತಂದು ಅಲ್ಲಿ ಬಿಡಿರೆಂದು ಅವರು ಕೇಳಿಯೂ ಇರಲಿಲ್ಲ.

1963 ಬಂತು. ಬಾಲಿಯ ಹಿಂದೂಗಳಿಗೆ ಅಗುಂಗ್ ಸಾಕ್ಷಾತ್ ಮೇರು ಪರ್ವತ. ಅದರ ಇಳಿಜಾರಿನಲ್ಲಿರುವ ಬೆಸಾಕಿ ದೇವಾಲಯ ದ್ವೀಪದ ಮೂಲಸ್ಥಾನ. ನೂರು ವರ್ಷಕ್ಕೊಮ್ಮೆ ನಡೆಯಬೇಕಾದ 'ಏಕಾದಶ ರುದ್ರ' ಎಂಬ ಮಹಾವಿಧಿಯ ಸಿದ್ಧತೆ ಆ ವರ್ಷ ಅಲ್ಲಿ ನಡೆದಿತ್ತು. ಹೆಸರು ಕೇಳಿದರೆ ಅರ್ಥ ಹೇಳಬೇಕಾದ ಅಗತ್ಯ ಈ ಸಭೆಗಿಲ್ಲ. ಫೆಬ್ರುವರಿ 18ರಂದು ಬೆಟ್ಟ ಬಾಯಿ ತೆರೆಯಿತು. ಮಾರ್ಚ್ 17ರಂದು ಮಹಾಸ್ಫೋಟವಾಯಿತು. ಸುಡುವ ಬೂದಿ ಮತ್ತು ಅನಿಲದ ಮೋಡಗಳು ಕಣಿವೆಗಳ ಗುಂಟ ಉರುಳಿ ಬಂದವು. ಮೇಲೆ ಬಿದ್ದ ಬೂದಿಯನ್ನು ಮಳೆಯ ನೀರು ಕೆಸರಾಗಿಸಿ ಹಳ್ಳಿಗಳ ಮೇಲೆ ತಂದು ಸುರಿಯಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಬೆಸಾಕಿ ದೇವಾಲಯ ಉಳಿಯಿತು. ಪೂರ್ವದ ಹಳ್ಳಿಗಳು ಉಳಿಯಲಿಲ್ಲ. ವಾತಾವರಣದ ಎತ್ತರಕ್ಕೆ ಏರಿದ ಗಂಧಕದ ಮಂಜು ಭೂಮಿಯ ಸರಾಸರಿ ತಾಪಮಾನವನ್ನೇ ಅಲ್ಪ ಪ್ರಮಾಣದಲ್ಲಿ ಇಳಿಸಿತು. ಹವಾಮಾನ ವಿಜ್ಞಾನಿಗಳು ಇಂದಿಗೂ ಆ ಸ್ಫೋಟದ ಅಂಕಿಅಂಶಗಳನ್ನು ಬಳಸುತ್ತಾರೆ.

ಆ ಕಂಪನ, ಆ ಹೊರಳಾಟದಲ್ಲಿ ದಂಡೆಯ ಮೇಲಿದ್ದ ಹಡಗು ಜಾರಿ, ಮುರಿದು, ಕಡಲಿನ ಕಪ್ಪು ಮರಳಿನ ಇಳಿಜಾರಿನ ಮೇಲೆ ಪಕ್ಕಕ್ಕೊರಗಿ ಮಲಗಿತು. ಟಾರ್ಪಿಡೊ ಮುಳುಗಿಸಲಾರದ್ದನ್ನು ಬೆಟ್ಟ ಮುಳುಗಿಸಿತು. ಆದರೆ ಆಳದ ಕಡಲಿಗೆ ಒಯ್ಯಲಿಲ್ಲ. ಸೂರ್ಯನ ಬೆಳಕು ತಲುಪುವಷ್ಟೇ ಆಳದಲ್ಲಿ ಬಿಟ್ಟಿತು.

ಈ ಬೆಳಕಿನ ಮಾತು ಮುಖ್ಯ. ಹವಳ ನೋಡಲು ಕಲ್ಲಿನಂತೆ, ಗಿಡದಂತೆ. ನಿಜದಲ್ಲಿ ಅದು ಪ್ರಾಣಿ. ಅಕ್ಕಿಕಾಳಿನಷ್ಟು ಗಾತ್ರದ ಸಾವಿರಾರು ಜೀವಿಗಳು ಸುಣ್ಣದ ಮನೆ ಕಟ್ಟಿಕೊಂಡು ಒಟ್ಟಾಗಿ ಬಾಳುತ್ತವೆ. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಪಾಚಿ ಬೆಳಕಿನಿಂದ ಅಡುಗೆ ಮಾಡುತ್ತದೆ, ಹವಳ ಉಣ್ಣುತ್ತದೆ. ಬದಲಿಗೆ ಪಾಚಿಗೆ ನೆಲೆ ಸಿಗುತ್ತದೆ. ನೀರು ಅತಿಯಾಗಿ ಬಿಸಿಯಾದಾಗ ಈ ಒಪ್ಪಂದ ಮುರಿದು, ಪಾಚಿಯನ್ನು ಹೊರಹಾಕಿದ ಹವಳ ಬಿಳಿಚಿಕೊಳ್ಳುತ್ತದೆ. ಬಹುಕಾಲ ಹಾಗೆಯೇ ಇದ್ದರೆ ಸಾಯುತ್ತದೆ. 2023ರಲ್ಲಿ ಆರಂಭವಾದ ಬಿಳಿಚುವಿಕೆ ಜಗತ್ತಿನಾದ್ಯಂತ ಹಬ್ಬಿದ ನಾಲ್ಕನೆಯದೆಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಸಾರಿದರು.

ಮರಳಿನ ಇಳಿಜಾರಿನಲ್ಲಿ ಹವಳ ನೆಲೆಯೂರಲಾರದು. ಪ್ರವಾಹದಲ್ಲಿ ತೇಲಿಬರುವ ಹವಳದ ಮರಿಗೆ ಅಲುಗಾಡದ ಗಟ್ಟಿ ನೆಲ ಬೇಕು. ತುಲಾಂಬೆನ್ನಿನ ಕೊಲ್ಲಿಯಲ್ಲಿ ಅಂಥ ನೆಲವಾಗಿ ಒದಗಿದ್ದು ಈ ಹಡಗು. ಕಬ್ಬಿಣ ನೀರಿಗೆ ಬಿದ್ದ ಕೆಲವೇ ಗಂಟೆಗಳಲ್ಲಿ ಅದರ ಮೇಲೆ ಬ್ಯಾಕ್ಟೀರಿಯಾಗಳ ಲೋಳೆಪದರ ಕೂಡುತ್ತದೆ. ಅದರ ಮೇಲೆ ಪಾಚಿ, ಬಳಿಕ ಚಿಪ್ಪಿನ ಜೀವಿಗಳು ಮತ್ತು ಸ್ಪಂಜುಗಳು, ವರ್ಷಗಳ ನಂತರ ಹವಳ. ಬರಿದಾದ ಬಂಡೆಯ ಮೇಲೆ ಕಲ್ಲುಹೂವು ಮೂಡಿ, ಹಾವಸೆ ಕಟ್ಟಿ, ಮಣ್ಣು ಕೂಡಿ, ಕಡೆಗೆ ಒಂದು ಆಲದ ಸಸಿ ಬೇರುಬಿಟ್ಟಂತೆ. ಅರವತ್ತು ವರ್ಷಗಳ ಬಳಿಕ ಇಂದು ಲಿಬರ್ಟಿಯ ತೊಲೆಗಳನ್ನು ನೋಡಿದರೆ ಕಬ್ಬಿಣವೆಂದು ಹೇಳಲಾಗದು. ಮನುಷ್ಯನ ಎತ್ತರದ ಬೀಸಣಿಗೆ ಹವಳಗಳು ಪ್ರವಾಹಕ್ಕೆ ಅಡ್ಡವಾಗಿ ಕೈಚಾಚಿ ಪ್ಲಾಂಕ್ಟನ್ ಸೋಸುತ್ತವೆ. ಹಂಡೆಯಾಕಾರದ ಸ್ಪಂಜುಗಳ ಅಂಚಿನಲ್ಲಿ ಸಣ್ಣ ಏಡಿಗಳು ಕುಳಿತಿರುತ್ತವೆ. ಸುತ್ತಲಿನ ಮರಳಿನಿಂದ ನೂರಾರು ಹಾವುಮೀನುಗಳು ಅರ್ಧ ಮೈ ಹೊರಚಾಚಿ ತೆನೆಗಳಂತೆ ತೂಗುತ್ತವೆ. ನೆರಳು ಬಿದ್ದೊಡನೆ ಎಲ್ಲವೂ ಬಿಲ ಸೇರುತ್ತವೆ.

ಇಲ್ಲಿ ರಾತ್ರಿ ತಂಗುವ ಒಂದು ಮೀನಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಉಬ್ಬುಹಣೆಯ ಗಿಳಿಮೀನು ಎಂದು ಅದನ್ನು ಕರೆಯಬಹುದು. ಒಂದು ಮೀಟರಿಗೂ ಮೀರಿ ಬೆಳೆಯುವ, ನಲವತ್ತು ಕಿಲೋ ದಾಟುವ, ಹಣೆಯ ಮೇಲೆ ದಪ್ಪ ಗಡ್ಡೆಯಿರುವ ಹಸಿರು ಮೀನು. ಗಿಳಿಯ ಕೊಕ್ಕಿನಂಥ ಹಲ್ಲಿನಿಂದ ಅದು ಹವಳವನ್ನು ಕಚ್ಚಿ, ಅರೆದು, ನುಂಗಿ, ಬಿಳಿಯ ಮರಳಾಗಿ ಹೊರಹಾಕುತ್ತದೆ. ಬೆಳೆದ ಒಂದೊಂದು ಮೀನು ವರ್ಷಕ್ಕೆ ಐದು ಟನ್ನಿಗೂ ಹೆಚ್ಚು ಹವಳದ ಸುಣ್ಣವನ್ನು ಹೀಗೆ ಪುಡಿ ಮಾಡುತ್ತದೆಂದು ಆಸ್ಟ್ರೇಲಿಯಾದ ಸಂಶೋಧಕರು ಅಳೆದಿದ್ದಾರೆ. ಎರಡು ಲಾರಿಗಳಿಗಾಗುವಷ್ಟು ಜಲ್ಲಿ! ಹವಳವನ್ನು ತಿನ್ನುವ ಮೀನು ಹವಳಕ್ಕೆ ಶತ್ರುವಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಅದು ಸತ್ತ ಹವಳವನ್ನೂ ಕೆರೆದು ಹೊಸ ಮರಿಗಳಿಗೆ ಜಾಗ ಮಾಡಿಕೊಡುತ್ತದೆ, ಪಾಚಿಯ ಹಿಡಿತ ತಪ್ಪಿಸುತ್ತದೆ. ಕಾಡಿನಲ್ಲಿ ಆನೆ ಮಾಡುವ ಕೆಲಸವನ್ನು ಕಡಲಿನಲ್ಲಿ ಅದು ಮಾಡುತ್ತದೆ. ಆದರೆ ಈ ದೊಡ್ಡ ಮೀನಿಗೆ ಒಂದು ದೌರ್ಬಲ್ಯವಿದೆ. ರಾತ್ರಿ ಗುಂಪಾಗಿ, ಆಳವಿಲ್ಲದ ನೀರಿನಲ್ಲಿ, ಮೈಮರೆತು ಮಲಗುತ್ತದೆ. ದೀಪ ಹಿಡಿದು ಈಟಿಯಿಂದ ಚುಚ್ಚುವವರಿಗೆ ಇದಕ್ಕಿಂತ ಸುಲಭದ ಬೇಟೆಯಿಲ್ಲ. ಹಾಗಾಗಿಯೇ ಹಲವು ದ್ವೀಪಗಳಲ್ಲಿ ಅದು ಕಾಣೆಯಾಗಿದೆ. ತುಲಾಂಬೆನ್ನಿನಲ್ಲಿ ಅವು ಹಡಗಿನ ಬಿರುಕುಗಳಲ್ಲಿ ಮಲಗಿ, ಬೆಳಗಿನ ಜಾವ ಸಾಲುಗಟ್ಟಿ ಹೊರಡುವುದನ್ನು ನೋಡಲೆಂದೇ ಜನ ನಸುಕಿನಲ್ಲಿ ನೀರಿಗಿಳಿಯುತ್ತಾರೆ. ಈಟಿಗೆ ಸಿಕ್ಕ ಮೀನು ಒಮ್ಮೆ ಮಾರಾಟವಾಗುತ್ತದೆ. ಜೀವಂತ ಮೀನು ಪ್ರತಿ ಬೆಳಗ್ಗೆ ಊರಿಗೆ ಹಣ ತರುತ್ತದೆ. ಈ ಲೆಕ್ಕ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ನೀರಿಗಿಳಿಯುವುದೆಂದರೇನು? ಕೆರೆ, ಹೊಂಡಗಳಲ್ಲಿ ಮುಳುಗಿ ಕಲ್ಲು ತರುವ ಮಕ್ಕಳಿಗೆ ಉಸಿರು ಕಟ್ಟಿ ಮುಳುಗುವುದು ಗೊತ್ತು. ಸ್ಕೂಬಾ ಎಂಬುದು ಉಸಿರನ್ನೇ ಬೆನ್ನಿಗೆ ಕಟ್ಟಿಕೊಂಡು ಹೋಗುವ ವಿಧಾನ. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ ಸಾಧನ ಇದಕ್ಕೆ ಮೂಲ. ಸಿಲಿಂಡರಿನಲ್ಲಿರುವುದು ಆಮ್ಲಜನಕವೆಂಬ ಭಾವನೆ ವ್ಯಾಪಕವಾಗಿದೆ. ಅದು ಸರಿಯಲ್ಲ, ಅಲ್ಲಿರುವುದು ಸಾಮಾನ್ಯವಾಗಿ ಎಲ್ಲರೂ ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. ಹನ್ನೊಂದು ಲೀಟರ್ ಅಳತೆಯ ಸಿಲಿಂಡರಿನಲ್ಲಿ ಇನ್ನೂರು ಪಟ್ಟು ಒತ್ತಡದಲ್ಲಿ ಸುಮಾರು 2,200 ಲೀಟರ್ ಗಾಳಿ ಹಿಡಿಸುತ್ತದೆ.

ಲೆಕ್ಕ ಆರಂಭವಾಗುವುದು ಇಲ್ಲಿಂದ. ನೆಲದ ಮೇಲೆ ಒಬ್ಬ ಮನುಷ್ಯ ಮಿತವಾದ ಶ್ರಮದಲ್ಲಿ ನಿಮಿಷಕ್ಕೆ ಇಪ್ಪತ್ತು ಲೀಟರ್ ಗಾಳಿ ಬಳಸುತ್ತಾನೆಂದುಕೊಂಡರೆ ಆ ಸಿಲಿಂಡರ್ 110 ನಿಮಿಷ ಬರಬೇಕು. ಆದರೆ ನೀರಿನಲ್ಲಿ ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಹತ್ತು ಮೀಟರಿನಲ್ಲಿ ಎರಡು ಪಟ್ಟು, ಇಪ್ಪತ್ತರಲ್ಲಿ ಮೂರು, ಮೂವತ್ತರಲ್ಲಿ ನಾಲ್ಕು. ಶ್ವಾಸಕೋಶ ತುಂಬಲು ಅಷ್ಟೇ ಪಟ್ಟು ಗಾಳಿ ಬೇಕು. ಹತ್ತು ಮೀಟರಿನಲ್ಲಿ 55 ನಿಮಿಷ ಬರುವ ಗಾಳಿ ಮೂವತ್ತು ಮೀಟರಿನಲ್ಲಿ 27 ನಿಮಿಷಕ್ಕೇ ತೀರುತ್ತದೆ. ಕಾಲು ಭಾಗವನ್ನು ಆಪತ್ಕಾಲಕ್ಕೆಂದು ಉಳಿಸಿಕೊಳ್ಳಲೇಬೇಕಾದ್ದರಿಂದ ನಿಜವಾಗಿ ಸಿಗುವ ಸಮಯ ಇನ್ನೂ ಕಡಿಮೆ. ಆಳವಿಲ್ಲದ ಹಡಗು ಏಕೆ ಜನಪ್ರಿಯವೆಂಬುದಕ್ಕೆ ಇಷ್ಟು ಗಣಿತ ಸಾಕು.

ಮೇಲೇರುವಾಗ ಒತ್ತಡ ಇಳಿದು ಶ್ವಾಸಕೋಶದ ಗಾಳಿ ಹಿಗ್ಗುತ್ತದೆ. ಆಗ ಉಸಿರು ಕಟ್ಟಿದವನ ಶ್ವಾಸಕೋಶ ಹರಿಯಬಹುದು. ಆದ್ದರಿಂದ ಎಂದೂ ಉಸಿರು ಹಿಡಿಯಬಾರದೆಂಬುದು ಕಲಿಯುವವರಿಗೆ ಮೊದಲ ಪಾಠ. ಇನ್ನೊಂದು ಅಪಾಯ ಗಾಳಿಯಲ್ಲಿರುವ ಸಾರಜನಕದ್ದು. ಒತ್ತಡದಲ್ಲಿ ಅದು ರಕ್ತದಲ್ಲಿ, ಮಾಂಸದಲ್ಲಿ ಕರಗುತ್ತದೆ. ಗಡಿಬಿಡಿಯಲ್ಲಿ ಮೇಲೆ ಬಂದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಮೈಯೊಳಗೆ ಗುಳ್ಳೆಗಳೇಳುತ್ತವೆ. ಕೀಲುನೋವಿನಿಂದ ಲಕ್ವದವರೆಗೆ ಏನೂ ಆಗಬಹುದು. ಅದಕ್ಕಾಗಿ ನಿಮಿಷಕ್ಕೆ ಒಂಬತ್ತು–ಹತ್ತು ಮೀಟರಿಗಿಂತ ವೇಗವಾಗಿ ಏರಬಾರದು, ಐದು ಮೀಟರ್ ಆಳದಲ್ಲಿ ಮೂರು ನಿಮಿಷ ತಡೆದು ನಿಲ್ಲಬೇಕು. ಲಿಬರ್ಟಿಯ ಮೇಲ್ತುದಿ ಸರಿಯಾಗಿ ಆ ಐದು ಮೀಟರಿನಲ್ಲೇ ಇರುವುದರಿಂದ, ನಿಲ್ಲಬೇಕಾದ ಮೂರು ನಿಮಿಷವೂ ನೋಡುವುದರಲ್ಲೇ ಕಳೆಯುತ್ತದೆ.

ಆಳಕ್ಕಿಳಿದಂತೆ ಬಣ್ಣಗಳೂ ಒಂದೊಂದಾಗಿ ಕಳಚುತ್ತವೆ. ನೀರು ಮೊದಲು ನುಂಗುವುದು ಕೆಂಪನ್ನು, ಆಮೇಲೆ ಕಿತ್ತಳೆ, ಹಳದಿ. ಇಪ್ಪತ್ತು ಮೀಟರಿನಲ್ಲಿ ಬೆರಳು ಗೀರಿದರೆ ರಕ್ತ ಹಸಿರುಗಪ್ಪಾಗಿ ಕಾಣುತ್ತದೆ. ನಡುಮಧ್ಯಾಹ್ನವೂ ಟಾರ್ಚ್ ಒಯ್ಯುವುದು ಇದಕ್ಕಾಗಿ. ಬೂದುಬಣ್ಣದ ಮುದ್ದೆಯೆಂದುಕೊಂಡದ್ದರ ಮೇಲೆ ಬೆಳಕು ಬಿದ್ದೊಡನೆ ಅದು ದಾಸವಾಳದ ಕೆಂಪಿನ ಸ್ಪಂಜಾಗಿ ಎದ್ದು ನಿಲ್ಲುತ್ತದೆ. ಸುಮಾರು 26ರಿಂದ 29 ಡಿಗ್ರಿಯಷ್ಟು ಬೆಚ್ಚಗಿರುವ ನೀರಾದ್ದರಿಂದ ತೆಳು ಉಡುಪು ಸಾಕು. ಎಷ್ಟೇ ಸುಲಭವೆನಿಸಿದರೂ ಹಡಗಿನ ಕತ್ತಲ ಕೋಣೆಗಳಿಗೆ ತರಬೇತಿಯಿಲ್ಲದವರು ನುಗ್ಗುವಂತಿಲ್ಲ. ಕಾಲಿನ ಒಂದು ಬಡಿತಕ್ಕೆ ಎದ್ದ ಹೂಳು ದಾರಿಯನ್ನೇ ಅಳಿಸಿಬಿಡುತ್ತದೆ.

ಇಷ್ಟೆಲ್ಲ ಸಲಕರಣೆ ದಂಡೆಗೆ ಬರುವುದು ಹೇಗೆ? ಹೆಂಗಸರ ತಲೆಯ ಮೇಲೆ. ಖಾಲಿ ಇರುವಾಗಲೇ ಹದಿನಾಲ್ಕು–ಹದಿನೈದು ಕಿಲೋ ತೂಗುವ ಸಿಲಿಂಡರನ್ನು ಸಿಂಬೆಯ ಮೇಲಿಟ್ಟು, ಕೆಲವೊಮ್ಮೆ ಎರಡನ್ನು ಜೊತೆಯಾಗಿ ಹೊತ್ತು, ಹವಾಯಿ ಚಪ್ಪಲಿ ಮೆಟ್ಟಿ, ಉರುಳುವ ಕಲ್ಲುಗಳ ಮೇಲೆ ತುಲಾಂಬೆನ್ನಿನ ಹೆಂಗಸರು ನಡೆಯುವ ಚಿತ್ರ ಜಗತ್ಪ್ರಸಿದ್ಧವಾಗಿದೆ. ಪ್ರವಾಸಿಗರು ಅದನ್ನು ಸೊಗಸಿನ ದೃಶ್ಯವೆಂಬಂತೆ ಕ್ಯಾಮೆರಾದಲ್ಲಿ ಹಿಡಿದುಕೊಳ್ಳುತ್ತಾರೆ. ದರಕಿನ ಹೊರೆ, ಸೌದೆಯ ಹೊರೆ, ನೀರಿನ ಕೊಡ ಹೊತ್ತು ಘಟ್ಟದ ದಾರಿ ನಡೆದವರಿಗೆ ಆ ಚಿತ್ರದಲ್ಲಿ ಕಾಣುವುದು ಸೊಗಸಲ್ಲ, ಕುತ್ತಿಗೆಯ ನರ. ಆದರೂ ಒಂದು ಮಾತನ್ನು ಒಪ್ಪಬೇಕು. ಹೊರುವ ಕೆಲಸವನ್ನು ಊರಿನವರೇ ಸಂಘಟಿತರಾಗಿ ತಮ್ಮ ಕೈಯಲ್ಲಿ ಉಳಿಸಿಕೊಂಡದ್ದರಿಂದ, ಹೊರಗಿನಿಂದ ಬಂದ ಬಂಡವಾಳದ ನಡುವೆಯೂ ಊರಿಗೆ ಒಂದು ಪಾಲು ಸಿಗುತ್ತಿದೆ. ತಳ್ಳುಗಾಡಿ ತಂದಿದ್ದರೆ ಕುತ್ತಿಗೆ ಉಳಿಯುತ್ತಿತ್ತು, ಕೂಲಿ ಹೋಗುತ್ತಿತ್ತು. ಎರಡೂ ಉಳಿಯುವ ದಾರಿ ಹುಡುಕದಿರುವುದು ಪ್ರವಾಸೋದ್ಯಮದ ಸೋಮಾರಿತನವೇ ಸರಿ.

ಒಂದೇ ಹಡಗನ್ನು ನೆಚ್ಚಿದ ಊರಿನ ಪಾಡೂ ಸುಲಭವಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಅಗುಂಗ್ ಮತ್ತೆ ಗುಡುಗತೊಡಗಿತು. ಲಕ್ಷಕ್ಕೂ ಮೀರಿ ಜನರನ್ನು ಬೆಟ್ಟದ ಸುತ್ತಲಿಂದ ತೆರವುಗೊಳಿಸಲಾಯಿತು. ನವೆಂಬರ್‌ನಲ್ಲಿ ಬೂದಿಯ ಮೋಡದಿಂದ ವಿಮಾನ ನಿಲ್ದಾಣವನ್ನೇ ಕೆಲವು ದಿನ ಮುಚ್ಚಬೇಕಾಯಿತು. ಅದರಿಂದ ಚೇತರಿಸಿಕೊಳ್ಳುವ ಹೊತ್ತಿಗೆ 2020ರಲ್ಲಿ ಕೋವಿಡ್ ಬಂದು ವಿದೇಶಿ ಪ್ರವಾಸಿಗರು ನಿಂತೇಹೋದರು. ಇತ್ತ ಹಡಗೂ ಶಾಶ್ವತವಲ್ಲ. ಬೆಚ್ಚಗಿನ ಉಪ್ಪುನೀರಿನಲ್ಲಿ ಕಬ್ಬಿಣ ಕರಗುತ್ತಲೇ ಇದೆ, ತೊಲೆಗಳು ಕುಸಿಯುತ್ತಿವೆ. ಒಂದೇ ಬೆಳಗ್ಗೆ ಹತ್ತಾರು ಗುಂಪುಗಳು ಇಳಿದಾಗ ಅನನುಭವಿಗಳ ಕಾಲಿನ ರೆಕ್ಕೆ ತಾಗಿ ಮುರಿಯುವ ಹವಳವೂ ಕಡಿಮೆಯಲ್ಲ. ಬೆರಳಿನಷ್ಟು ಕವಲು ಮತ್ತೆ ಬೆಳೆಯಲು ವರ್ಷಗಳೇ ಬೇಕು.

ಇನ್ನು ಈ ಉಪನ್ಯಾಸಕ್ಕೆ ನಿಜವಾದ ಕಾರಣವಾದ ಪ್ರಶ್ನೆಗೆ ಬರಬೇಕು. ಲಿಬರ್ಟಿಯ ಉದಾಹರಣೆ ಕೊಟ್ಟು, ಹಳೆಯ ಹಡಗುಗಳನ್ನು ಮುಳುಗಿಸಿದರೆ ಹವಳ ತಾನಾಗಿ ಬರುತ್ತದೆ, ಆದ್ದರಿಂದ ಕಡಲಿನಲ್ಲಿ ಹಡಗು ಬೀಳುವುದು ಅಂಥ ಕೇಡೇನಲ್ಲ ಎಂದು ವಾದಿಸುವವರಿದ್ದಾರೆ. ಇದು ಅಕೇಶಿಯಾ ನೆಟ್ಟು ಕಾಡು ಬೆಳೆಸಿದೆವೆನ್ನುವ ವಾದದ ತಮ್ಮ. ಮಲೆನಾಡಿನವರಿಗೆ ಆ ಅಣ್ಣನ ಪರಿಚಯ ಚೆನ್ನಾಗಿಯೇ ಇದೆ.

ಪೆಸಿಫಿಕ್ಕಿನ ನಡುವೆ ಪಾಲ್ಮೈರಾ ಎಂಬ ಹವಳ ದ್ವೀಪವಿದೆ. 1991ರಲ್ಲಿ ತೈವಾನಿನ ಒಂದು ಮೀನುಗಾರಿಕೆ ಹಡಗು ಅಲ್ಲಿ ಸಿಕ್ಕಿಕೊಂಡಿತು. ಲಿಬರ್ಟಿಯ ಮೂರನೆಯ ಒಂದು ಭಾಗದಷ್ಟೂ ಉದ್ದವಿರಲಿಲ್ಲ. ಅಲ್ಲಿ ಬೆಳೆದದ್ದು ಹವಳವಲ್ಲ. ಹವಳದ ದೂರದ ಸಂಬಂಧಿಯಾದ, ಮೈಯೆಲ್ಲ ಮೆತ್ತಗಿರುವ ಒಂದು ಜೀವಿ. ಅದು ಲಂಟಾನದಂತೆ ಹಬ್ಬಿ ಜೀವಂತ ಹವಳವನ್ನು ಮುಚ್ಚಿ ಕೊಂದಿತು. ಕಬ್ಬಿಣ ಅತಿ ವಿರಳವಾಗಿರುವ ಆ ನೀರಿಗೆ ತುಕ್ಕು ಗೊಬ್ಬರದಂತೆ ಕೆಲಸ ಮಾಡಿತೆಂಬುದು ವಿಜ್ಞಾನಿಗಳ ವಿವರಣೆ. ಕಡೆಗೆ 2013–14ರಲ್ಲಿ ಆ ಹಡಗನ್ನು ತುಂಡುತುಂಡಾಗಿ ಕತ್ತರಿಸಿ ಸಾಗಿಸಬೇಕಾಯಿತು. ಅಗ್ನಿಪರ್ವತದ ಕಪ್ಪು ಮರಳಿನ ತುಲಾಂಬೆನ್ನಿನ ನೀರೇ ಬೇರೆ, ಪಾಲ್ಮೈರಾದ ನೀರೇ ಬೇರೆ. ಅಮೆರಿಕದ ಫ್ಲಾರಿಡಾ ತೀರದಲ್ಲಿ 1972ರಲ್ಲಿ ಹವಳದ ದಿಬ್ಬ ಬೆಳೆಸುವ ಹೆಸರಿನಲ್ಲಿ ಸುಮಾರು ಇಪ್ಪತ್ತು ಲಕ್ಷ ಹಳೆಯ ಟಯರುಗಳನ್ನು ಕಟ್ಟಿ ಮುಳುಗಿಸಿದರು. ಕಟ್ಟು ಹರಿಯಿತು, ಬಿಡಿಯಾದ ಟಯರುಗಳು ಬಿರುಗಾಳಿಯಲ್ಲಿ ಉರುಳಿ ಪಕ್ಕದ ನಿಜವಾದ ಹವಳವನ್ನೇ ಜಜ್ಜಿದವು. ಅವುಗಳನ್ನು ಎತ್ತುವ ಕೆಲಸ ದಶಕಗಳಿಂದ ನಡೆದಿದೆ.

ಲಿಬರ್ಟಿಯನ್ನು ಕಡಲಿಗೆ ಒಗ್ಗುವಂತೆ ಮಾಡಿದ್ದು ಇಪ್ಪತ್ತೊಂದು ವರ್ಷದ ದಂಡೆವಾಸ. ಸರಕು ಖಾಲಿಯಾಗಿ, ಬಿಚ್ಚಬಹುದಾದದ್ದೆಲ್ಲ ಹೋಗಿ, ಬರಿಯ ಎಲುಬಾಗಿ ಅದು ನೀರಿಗಿಳಿಯಿತು. ಇಂದು ಮುಳುಗುವ ಹಡಗುಗಳು ಹಾಗೆ ಬರುವುದಿಲ್ಲ. 2025ರ ಮೇ 25ರಂದು ಕೇರಳದ ತೀರದಾಚೆ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗಿನಲ್ಲಿ 640 ಕಂಟೈನರುಗಳಿದ್ದವು. ಹಡಗಿನ ಸಿಬ್ಬಂದಿ 24 ಮಂದಿಯೂ ಬದುಕಿದರು. ಹನ್ನೆರಡು ಕಂಟೈನರುಗಳಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಬಾಳೆಕಾಯಿ ಹಣ್ಣುಮಾಡಲು ಕದ್ದುಮುಚ್ಚಿ ಬಳಸುವ ಅದೇ ಕಾರ್ಬೈಡ್. ನೀರು ತಾಗಿದರೆ ಹೊತ್ತಿಕೊಳ್ಳುವ ಅನಿಲ ಹೊರಡುತ್ತದೆ. ಒಡೆದ ಕಂಟೈನರಿನಿಂದ ಸಾಬಕ್ಕಿಯಂಥ ಪ್ಲಾಸ್ಟಿಕ್ ಕಾಳುಗಳು ಹೊರಬಿದ್ದು ತಿರುವನಂತಪುರದ ದಂಡೆಗಳನ್ನು ಮುಚ್ಚಿದವು. ಕಾಳನ್ನು ಮೀನು ಮೊಟ್ಟೆಯೆಂದು ತಿನ್ನುತ್ತದೆ. ಅದಕ್ಕೂ ಮೊದಲು, 2022ರ ಜೂನ್‌ನಲ್ಲಿ, ಮಂಗಳೂರಿನ ದಕ್ಷಿಣಕ್ಕೆ ಉಚ್ಚಿಲ–ಬಟ್ಟಪ್ಪಾಡಿಯ ಸಮೀಪ ಪ್ರಿನ್ಸೆಸ್ ಮಿರಾಲ್ ಎಂಬ ಸರಕು ಹಡಗು ಸುಮಾರು 8,000 ಟನ್ ಉಕ್ಕಿನ ಸುರುಳಿಗಳೊಂದಿಗೆ ಮುಳುಗಿತು. ಸಿರಿಯಾ ದೇಶದ 15 ನಾವಿಕರನ್ನು ಕರಾವಳಿ ರಕ್ಷಣಾ ಪಡೆ ಉಳಿಸಿತು. ಮೀನುಗಾರರಿಗೆ ಉಳಿದದ್ದು ತೈಲದ ಭಯ. ಇಂಥ ಹಡಗುಗಳ ಮೇಲೂ ಒಂದು ದಿನ ಏನಾದರೂ ಬೆಳೆಯುತ್ತದೆ. ಅದನ್ನು ಪರಿಹಾರವೆಂದು ಲೆಕ್ಕ ಹಿಡಿಯುವಂತಿಲ್ಲ.

ಕರ್ನಾಟಕದಲ್ಲಿ ಹವಳವನ್ನು ನೋಡಬಯಸುವವರು ಹೋಗುವುದು ಮುರುಡೇಶ್ವರದಿಂದ ಸುಮಾರು ಹತ್ತು ನಾವಿಕ ಮೈಲಿ ದೂರದ ನೇತ್ರಾಣಿ ದ್ವೀಪಕ್ಕೆ. ನೌಕಾಪಡೆ ಗುರಿಯಭ್ಯಾಸಕ್ಕೆ ಅದನ್ನು ಬಳಸುತ್ತಿದ್ದುದನ್ನು ಪರಿಸರಾಸಕ್ತರು ವಿರೋಧಿಸಿದ್ದು ಹಲವರಿಗೆ ನೆನಪಿರಬಹುದು. ಅಲ್ಲಿಯ ಹವಳಕ್ಕೂ ಬೇಕಾದದ್ದು ಬೆಳಕು. ಗುಡ್ಡ ಕಡಿದಾಗ, ಗಣಿ ತೋಡಿದಾಗ, ರಸ್ತೆಗೆಂದು ಧರೆ ಜರಿದಾಗ ಹೊಳೆಗೆ ಬೀಳುವ ಮಣ್ಣು ಕಡಲು ಸೇರುತ್ತದೆ. ನೀರು ಕಲಕಿ ಬೆಳಕು ತಡೆದರೆ ಹವಳದ ಮೈಯ ಪಾಚಿ ಉಪವಾಸ ಬೀಳುತ್ತದೆ. ಹೂಳು ಮೇಲೆ ಕೂತರೆ ಹವಳ ಉಸಿರುಕಟ್ಟುತ್ತದೆ. ಬೆಟ್ಟದ ಮಣ್ಣು ಬೆಟ್ಟದಲ್ಲಿರುವುದು ಕಡಲಿನವರಿಗೂ ಬೇಕಾದ ಕೆಲಸ.

ನೇತ್ರಾಣಿಗೆ ಹೋಗುವ ಮಲೆನಾಡಿನ ಯುವಕರಿಗೆ ಇನ್ನೊಂದು ವಿಷಯ ತಿಳಿದಿರಬೇಕು. ಇದನ್ನು ಬಯಲಿನವರಿಗೆ ಇಷ್ಟು ಒತ್ತಿ ಹೇಳಬೇಕಾಗಿಲ್ಲ. ಮುಳುಗಿ ಮೇಲೆ ಬಂದ ಬಳಿಕವೂ ಮೈಯಲ್ಲಿ ಕರಗಿದ ಸಾರಜನಕ ಗಂಟೆಗಟ್ಟಲೆ ಉಳಿದಿರುತ್ತದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ; ಸಮುದ್ರಮಟ್ಟದಲ್ಲಿ ಏಳದಿದ್ದ ಗುಳ್ಳೆಗಳು ಅಲ್ಲಿ ಏಳಬಹುದು. ವಿಮಾನ ಹತ್ತುವವರಿಗೆ ಒಂದು ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದ್ದರೆ 18 ಗಂಟೆ ಕಾಯಲು ತಜ್ಞರು ಹೇಳುತ್ತಾರೆ. ಮುಳುಗುವವರ ಕೋಷ್ಟಕಗಳಲ್ಲಿ ಮುನ್ನೂರು ಮೀಟರ್ ದಾಟಿದರೆ ಅದು ಎತ್ತರದ ಪ್ರದೇಶ. ಜೋಗ, ಸಾಗರ, ಆಗುಂಬೆಗಳೆಲ್ಲ ಅದಕ್ಕಿಂತ ಮೇಲಿವೆ. ಬಾಲಿಯಲ್ಲಿಯೂ ತುಲಾಂಬೆನ್ನಿನಲ್ಲಿ ಮುಳುಗಿದವರು ಅದೇ ದಿನ ಕಿಂತಾಮಣಿಯ ಬೆಟ್ಟದ ದಾರಿ ಹಿಡಿಯದೆ ಕರಾವಳಿಯ ದಾರಿಯಲ್ಲೇ ಹಿಂದಿರುಗುವುದು ಕ್ಷೇಮ. ಮುರುಡೇಶ್ವರದಲ್ಲಿ ಮಧ್ಯಾಹ್ನ ಮೇಲೆ ಬಂದು ಸಂಜೆಯೇ ಗೇರುಸೊಪ್ಪೆಯ ಘಟ್ಟ ಹತ್ತುವ ಬದಲು ಆ ರಾತ್ರಿ ಕೆಳಗೇ ಉಳಿದು, ಮರುದಿನ ಹೊರಡುವುದು ಲೇಸು. ಕಿವಿನೋವು, ನೆಗಡಿ, ಉಬ್ಬಸವಿದ್ದವರು ವೈದ್ಯರನ್ನು ಕಾಣದೆ ನೀರಿಗಿಳಿಯಬಾರದು. ಮುಂಗಾರಿನ ತಿಂಗಳುಗಳಲ್ಲಿ ದೋಣಿಗಳು ಹೋಗುವುದಿಲ್ಲ. ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಅವಕಾಶವಿರುತ್ತದೆ.